‘ಪವಿತ್ರ’ವನ್ನು ಬೋರ್ಡಿನಿಂದ ಅಳಿಸಿದ ಮೇಲೆ: ಹೋಲಿ, ಸೇಕ್ರೆಡ್, ಹಾಲಿಡೇ ಕಲಿಸಿದ ನನ್ನ ಅನುಭವ

‘ಪವಿತ್ರ’ ಅನ್ನುವ ಒಂದೇ ಪದ ನನ್ನ ಎರಡು ವರ್ಷ ತಿಂದಿತು. ಹೋಲಿ ಅಂದರೆ ಪವಿತ್ರ. ಸೇಕ್ರೆಡ್ ಅಂದರೆ ಪವಿತ್ರ. ಹ್ಯಾಲೋಡ್ ಅಂದರೂ ಪವಿತ್ರ. ಕಾನ್ಸಿಕ್ರೇಟ್ ಅಂದರೆ ಪವಿತ್ರಗೊಳಿಸು. ಸ್ಯಾಂಕ್ಟಿಟಿ ಅಂದರೆ ಪಾವಿತ್ರ್ಯ. ಪೇಟೆಯಲ್ಲಿ ಸಿಗುವ ಯಾವ ಗೈಡ್ ತೆಗೆದರೂ ಇದೇ ಪಟ್ಟಿ. ನಾನೂ ಇದನ್ನೇ ಬೋರ್ಡಿನ ಮೇಲೆ ಬರೆದೆ. ಎಲ್ಲರೂ ಬರೆದುಕೊಂಡರು. ಮರುದಿನ ಕೇಳಿದರೆ ಐದಕ್ಕೂ ಅರ್ಥ ಹೇಳುತ್ತಿದ್ದರು. ಒಂದು ವಾಕ್ಯ ಮಾಡಿ ಅಂದರೆ ಕ್ಲಾಸು ತಣ್ಣಗಾಗುತ್ತಿತ್ತು.

ಈಗ ಈ ಪದಗಳನ್ನು ಕಲಿಸಲು ನನ್ನದೇ ಒಂದು ದಾರಿ ಇದೆ. ಮೂರು ಮಳೆಗಾಲ ಬಳಸಿ ನೋಡಿದ್ದೇನೆ. ಆಗಲ್ಲ ಅಂದವರು ತುಂಬ ಜನ ಇದ್ದರು. ಆಯಿತು. ಅದಕ್ಕೇ ಬರೆಯುತ್ತಿದ್ದೇನೆ. ನೀವೂ ಇಂಗ್ಲಿಷ್ ಕಲಿಸುವವರೇ, ಹಾಗಾಗಿ ಕಾರ್ಡು, ಚಾರ್ಟು, ವಾಯ್ಸ್ ನೋಟ್ ಅಂದರೆ ಏನು ಅಂತ ವಿವರಿಸುವುದಿಲ್ಲ.

ಕೊಡಗಿನ ಗೋಣಿಕೊಪ್ಪದಲ್ಲಿ ಒಂದು ಅಂಗಡಿಯ ಮಹಡಿ ಮೇಲೆ ನನ್ನ ಸ್ಪೋಕನ್ ಇಂಗ್ಲಿಷ್ ಕ್ಲಾಸು. ಬ್ಯಾಂಕ್, ಪಿಡಿಒ ಪರೀಕ್ಷೆಗೆ ಓದುವವರು ಬರುತ್ತಾರೆ. ಹೋಂಸ್ಟೇ ನಡೆಸುವವರು ಬರುತ್ತಾರೆ. ಮಳೆ ಹಿಡಿದರೆ ಪ್ರವಾಸಿಗರು ಕಡಿಮೆ, ಆಗ ಜೀಪು, ಟ್ಯಾಕ್ಸಿ ಓಡಿಸುವವರು ಜಾಸ್ತಿ. ಈ ಕೊನೆಯವರಿಗೆ ದೇವರ ಮಾತು ಇಂಗ್ಲಿಷಿನಲ್ಲಿ ಬೇಕೇ ಬೇಕು. ಅವರು ದಿನಾ ಜನರನ್ನು ಕರೆದುಕೊಂಡು ಹೋಗುವುದು ಎಲ್ಲಿಗೆ? ತಲಕಾವೇರಿ, ಭಾಗಮಂಡಲ, ಮಡಿಕೇರಿಯ ಓಂಕಾರೇಶ್ವರ, ಕುಶಾಲನಗರ ದಾಟಿದರೆ ಬೈಲುಕುಪ್ಪೆಯ ಗೋಲ್ಡನ್ ಟೆಂಪಲ್. ಕಾವೇರಿ ಹುಟ್ಟುವ ತಲಕಾವೇರಿಯ ಪುಟ್ಟ ಕೊಳ, ಕುಂಡಿಕೆಯ ಮುಂದೆ ನಿಂತು ‘ವೆರಿ ಪವರ್‌ಫುಲ್ ವಾಟರ್’ ಅಂತ ಹೇಳಿ ಮುಗಿಸುವುದನ್ನು ನಾನೇ ಕೇಳಿದ್ದೇನೆ. ಹೇಳಿದವನು ನನ್ನದೇ ವಿದ್ಯಾರ್ಥಿ. ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ಕಾವೇರಿಯನ್ನು ತಾಯಿ ಅನ್ನುವ ಊರಿನ ಹುಡುಗನಿಗೆ ಆ ತಾಯಿಯ ಬಗ್ಗೆ ಹೇಳಲು ಸರಿಯಾದ ಪದ ನಾನು ಕೊಟ್ಟಿರಲಿಲ್ಲ.

ಮೊದಲು ಸೋತದ್ದನ್ನು ಹೇಳಿಬಿಡುತ್ತೇನೆ.

ಮೊದಲ ಪ್ರಯತ್ನ ಚಿತ್ರದ ಕಾರ್ಡು. ಕಲರ್ ಪ್ರಿಂಟು, ಲ್ಯಾಮಿನೇಶನ್, ಎಲ್ಲ ಸೇರಿ 3,800 ರೂಪಾಯಿ ಹತ್ತಿರ ಆಯಿತು. ಆಲ್ಟರ್, ಶ್ರೈನ್, ಸೇಂಟ್, ಪಿಲ್ಗ್ರಿಮ್, ಹೀಗೆ 60 ಕಾರ್ಡು. ಚಿತ್ರಗಳೆಲ್ಲ ಯಾವುದೋ ದೇಶದ ಚರ್ಚುಗಳದ್ದು. ಯಾವ ಕಾರ್ಡು ತೋರಿಸಿದರೂ ‘ಚರ್ಚ್’ ಅಂತಲೇ ಉತ್ತರ. ತಪ್ಪು ಅವರದ್ದಲ್ಲ, ಚಿತ್ರದಲ್ಲಿ ಕಾಣುವುದೇ ಚರ್ಚು. ಜುಲೈಯಲ್ಲಿ ಲ್ಯಾಮಿನೇಶನ್ ಒಳಗೆ ನೀರಾಡಿ ಅರ್ಧ ಕಾರ್ಡಿಗೆ ಬೂಷ್ಟು ಹಿಡಿಯಿತು. ಕೊಡಗಿನಲ್ಲಿ ಕಾಗದ ಇಟ್ಟುಕೊಂಡವರಿಗೆ ಈ ಕಷ್ಟ ಗೊತ್ತು.

ಎರಡನೆಯದು ಒಂದು ಆ್ಯಪ್. ವರ್ಷಕ್ಕೆ 2,400 ರೂಪಾಯಿ ಕಟ್ಟಿದೆ. ಅದರಲ್ಲೂ ಹೋಲಿಗೆ ಸಮಾನ ಪದ ಸೇಕ್ರೆಡ್, ಸೇಕ್ರೆಡ್‌ಗೆ ಸಮಾನ ಪದ ಹೋಲಿ. ಬಾವಿಯಿಂದ ಹೊಂಡಕ್ಕೆ, ಹೊಂಡದಿಂದ ಬಾವಿಗೆ. ಮೂರನೆಯದು ಒಂದು ಫ್ಲೆಕ್ಸ್ ಚಾರ್ಟು. 650 ರೂಪಾಯಿ. ಪ್ರಿಂಟ್ ಮಾಡಿದವರು ಹೋಲಿಯನ್ನು ಬಣ್ಣದ ಹೋಳಿ ಅಂದುಕೊಂಡು ಕೊನೆಯಲ್ಲಿ ವೈ ಬದಲು ಐ ಹಾಕಿಬಿಟ್ಟರು. ಎರಡು ದಿನ ಗೋಡೆ ಮೇಲೆ ಇದ್ದದ್ದೇ ಸಾಕಾಯಿತು. ಪರೀಕ್ಷೆಗೆ ಓದುವ ಮೂರು ಜನ ‘ಹೋಲಿ ಬುಕ್’ ಅನ್ನುವುದನ್ನು ಐ ಹಾಕಿಯೇ ಬರೆದರು. ಆ ಬ್ಯಾಚಿಗೆ 14 ಜನ ಬಂದಿದ್ದರು. ಎರಡು ತಿಂಗಳಿಗೆ ತಲೆಗೆ 1,200 ರೂಪಾಯಿ ಫೀಸು. ಮೂರನೇ ವಾರಕ್ಕೆ ಐದು ಜನ ಬಿಟ್ಟರು. ಇಬ್ಬರು ದುಡ್ಡು ವಾಪಸ್ ಕೇಳಿದರು, ಕೊಟ್ಟೆ.

ಕೊನೆಗೆ ಲ್ಯಾಟಿನ್ ಬೇರು ಹೇಳಿಕೊಡಲು ಹೋದೆ. ಸಾಕೆರ್, ಸಾಂಕ್ಟುಸ್ ಅಂತ. ಸಂಜೆ ಆರೂವರೆಗೆ ತೋಟದ ಕೆಲಸ, ಗಾಡಿ ಓಡಿಸುವ ಕೆಲಸ ಮುಗಿಸಿ ಬಂದವರಿಗೆ ಲ್ಯಾಟಿನ್ ಯಾಕೆ ಬೇಕು? ಹಿಂದಿನ ಬೆಂಚಿನಲ್ಲಿ ಒಬ್ಬರು ನಿದ್ದೆ ಹೋದರು. ಎಬ್ಬಿಸಲು ನನಗೆ ಮನಸ್ಸಾಗಲಿಲ್ಲ.

ದಾರಿ ತಿರುಗಿದ್ದು ಕೊಡವರ ಮಳೆಗಾಲದ ತಿಂಗಳು ಕಕ್ಕಡದ 18ರಂದು. ಅಂದರೆ ಆಗಸ್ಟ್ 3. ಮದ್ದು ಸೊಪ್ಪಿನ ರಸದಲ್ಲಿ ಪಾಯಸ ಮಾಡುವ ದಿನ. ಆ ದಿನ ಆ ಸೊಪ್ಪಿನಲ್ಲಿ 18 ಬಗೆಯ ಮದ್ದು ಸೇರಿರುತ್ತದೆ ಅಂತ ನಮ್ಮಲ್ಲಿ ನಂಬಿಕೆ. ಒಬ್ಬ ಹೋಂಸ್ಟೇ ಹೆಂಗಸು ಡಬ್ಬಿಯಲ್ಲಿ ಪಾಯಸ ತಂದಿದ್ದರು. ‘ಮೇಡಂ, ಇದನ್ನ ಗೆಸ್ಟ್‌ಗೆ ಹೋಲಿ ಫುಡ್ ಅನ್ನಬಹುದಾ, ಹೆಲ್ತ್ ಫುಡ್ ಅನ್ನಬೇಕಾ?’ ಅಂತ ಕೇಳಿದರು.

ನಾನು ಚಮಚ ಕೆಳಗಿಟ್ಟೆ. ಆ ಎರಡು ಪದ ಒಂದೇ ಮನೆಯವು! ಹಳೆಯ ಇಂಗ್ಲಿಷಿನ ‘ಹಾಲ್’ ಅನ್ನುವ ಪದಕ್ಕೆ ಇಡಿಯಾದ, ಗಾಯವಾಗದ, ಗಟ್ಟಿಮುಟ್ಟಾದ ಅಂತ ಅರ್ಥ. ಅದರಿಂದಲೇ ಹೆಲ್ತ್ ಬಂತು, ಗಾಯ ವಾಸಿ ಮಾಡುವ ಹೀಲ್ ಬಂತು, ಡಬ್ಲ್ಯುನಿಂದ ಶುರುವಾಗುವ ಹೋಲ್ ಬಂತು, ಹೋಲಿಯೂ ಬಂತು. ಇದು ನನಗೆ ಮೊದಲೇ ಗೊತ್ತಿತ್ತು. ಆದರೆ ಪಾಯಸದ ಡಬ್ಬಿ ಎದುರಿಗೆ ಬರುವವರೆಗೆ ಹೇಗೆ ಬಳಸಬೇಕು ಅಂತ ಹೊಳೆದಿರಲಿಲ್ಲ.

ಅವತ್ತೇ ಬೋರ್ಡಿನಿಂದ ‘ಪವಿತ್ರ’ ಅಳಿಸಿದೆ. ಇನ್ನು ಮೇಲೆ ಈ ಕ್ಲಾಸಿನಲ್ಲಿ ಆ ಪದ ಬಳಸುವ ಹಾಗಿಲ್ಲ ಅಂದೆ. ಪ್ರತಿ ಇಂಗ್ಲಿಷ್ ಪದಕ್ಕೂ ಬೇರೆ ಬೇರೆ ಮನೆಮಾತಿನ ಪದ ಹುಡುಕಬೇಕು. ಜೊತೆಗೆ ಕೊಡಗಿನ ಒಂದು ಜಾಗ ಅಥವಾ ಒಂದು ದಿನ ಕಟ್ಟಬೇಕು. ಒಂದು ಪದಕ್ಕೆ ಕೊಟ್ಟ ಜಾಗ ಇನ್ನೊಂದಕ್ಕೆ ಕೊಡುವ ಹಾಗಿಲ್ಲ. ನನ್ನ ದಾರಿ ಇಷ್ಟೇ. ಹೇಳಲು ಸುಲಭ, ಜೋಡಿ ಸರಿಯಾಗಿ ಹುಡುಕಲು ಒಂದೂವರೆ ವರ್ಷ ಹಿಡಿಯಿತು.

ಹೋಲಿಗೆ ನಾವು ಕೊಟ್ಟ ಕನ್ನಡ ‘ಮುಕ್ಕಾಗದ್ದು’. ಅಕ್ಷತೆ ಯೋಚನೆ ಮಾಡಿ. ನುಚ್ಚಕ್ಕಿಯಲ್ಲಿ ಯಾರೂ ಅಕ್ಷತೆ ಮಾಡುವುದಿಲ್ಲ. ಅ-ಕ್ಷತ, ಮುರಿಯದ ಕಾಳು. ಭಿನ್ನವಾದ ವಿಗ್ರಹ ಪೂಜೆಗೆ ಬಾರದು. ಇಡಿಯಾಗಿರುವುದಕ್ಕೂ ದೇವರಿಗೂ ಇರುವ ನಂಟು ಇಂಗ್ಲಿಷಿನವರಿಗೆ ಹೊಳೆದ ಹಾಗೆ ನಮಗೂ ಹೊಳೆದಿದೆ. ಕ್ಲಾಸಿಗೆ ಒಂದು ಹಿಡಿ ಅಕ್ಕಿ ತಂದು ಟೇಬಲ್ ಮೇಲೆ ಹಾಕಿ ನುಚ್ಚು ಆರಿಸಲು ಹೇಳಿದೆ. ಹತ್ತು ನಿಮಿಷ ಆರಿಸಿದರು. ಹೋಲಿ ಪದ ಆಮೇಲೆ ಒಬ್ಬರೂ ಮರೆತಿಲ್ಲ. ಜಾಗ ಯಾವುದು ಅಂದರೆ ತಲಕಾವೇರಿ. ತುಲಾ ಸಂಕ್ರಮಣದ ದಿನ ಕುಂಡಿಕೆಯಲ್ಲಿ ತೀರ್ಥ ಉಕ್ಕುತ್ತದೆ. ಚೊಂಬಿನಲ್ಲಿ ಮನೆಗೆ ತಂದು ಇಟ್ಟುಕೊಳ್ಳುತ್ತೇವೆ. ಕೊನೆಯುಸಿರಿನಲ್ಲಿ ಇರುವವರ ಬಾಯಿಗೆ ಬಿಡುತ್ತೇವೆ. ಅದು ಹೋಲಿ ವಾಟರ್. ಅದರ ಶಕ್ತಿ ಅದರ ಒಳಗೇ ಇದೆ ಅನ್ನುವ ನಂಬಿಕೆ. ದೇವರು ಹೋಲಿ, ಒಬ್ಬ ಸಾಧು ಹೋಲಿ ಮ್ಯಾನ್.

ಸೇಕ್ರೆಡ್ ಹಾಗಲ್ಲ. ಇದಕ್ಕೆ ಕನ್ನಡ ‘ಮೀಸಲು’. ಈ ಪದ ಸಿಕ್ಕಿದ್ದು ನನ್ನ ದೊಡ್ಡ ಗೆಲುವು ಅಂತ ಧೈರ್ಯವಾಗಿ ಹೇಳುತ್ತೇನೆ. ಜನ ಸೇರಿ ಇದು ದೇವರಿಗೆ ಅಂತ ಎತ್ತಿಟ್ಟದ್ದು, ಬೇರೆ ಕೆಲಸಕ್ಕೆ ಮುಟ್ಟಬಾರದು ಅಂತ ಗೆರೆ ಎಳೆದದ್ದು. ಕೊಡಗಿನಲ್ಲಿ ಇದಕ್ಕೆ ಉದಾಹರಣೆ ಹುಡುಕಬೇಕಾ? ದೇವರಕಾಡು! ಜಿಲ್ಲೆಯಲ್ಲಿ 1,200ಕ್ಕಿಂತ ಜಾಸ್ತಿ ದೇವರಕಾಡುಗಳಿವೆ. ಪಕ್ಕದ ತೋಟದಲ್ಲೂ ಅದೇ ಮರ, ಅದೇ ಮಣ್ಣು. ಆದರೆ ಬೇಲಿಯ ಈಚೆ ಕತ್ತಿ ಹಾಕಬಹುದು, ಆಚೆ ಹಾಕುವ ಹಾಗಿಲ್ಲ. ಅದಕ್ಕೇ ಇಂಗ್ಲಿಷಿನಲ್ಲಿ ಸೇಕ್ರೆಡ್ ಗ್ರೋವ್ ಅನ್ನುತ್ತಾರೆ, ಹೋಲಿ ಗ್ರೋವ್ ಅನ್ನುವ ರೂಢಿ ಇಲ್ಲ. ಜನಿವಾರವೂ ಸೇಕ್ರೆಡ್ ಥ್ರೆಡ್. ನೂಲು ಎಲ್ಲ ನೂಲಿನಂತೆಯೇ, ಮೀಸಲಾದದ್ದು ಬಳಕೆಯಿಂದ. ನದಿಯ ವಿಷಯಕ್ಕೆ ಬಂದರೆ ಎರಡೂ ನಡೆಯುತ್ತದೆ. ಅಲ್ಲಿ ಜಗಳ ಬೇಡ ಅಂತ ಮೊದಲೇ ಹೇಳಿಬಿಡಿ, ಇಲ್ಲದಿದ್ದರೆ ಒಂದು ಇಡೀ ಸಂಜೆ ಹೋಗುತ್ತದೆ. ನನ್ನದು ಹೋಗಿದೆ.

ದೇವರಕಾಡಿಗೆ ಒಂದು ಭಾನುವಾರ ಇಡೀ ಬ್ಯಾಚನ್ನು ಕರೆದುಕೊಂಡು ಹೋದೆ. ಎರಡು ಜೀಪು, ಡೀಸೆಲ್ 1,500 ರೂಪಾಯಿ ಆಸುಪಾಸು, ನಾನೇ ಕೊಟ್ಟೆ. ಚಪ್ಪಲಿ ಹೊರಗೆ ಬಿಟ್ಟು ಜಿಗಣೆಯ ನಡುವೆ ನಡೆದೆವು. ಅಯ್ಯಪ್ಪನಿಗೆ ಹರಕೆ ಒಪ್ಪಿಸಿದ ಮಣ್ಣಿನ ನಾಯಿಗಳು ಮರದ ಬುಡದಲ್ಲಿ ಇದ್ದವು. ಅಲ್ಲಿ ನಿಂತು ವೌ ಅನ್ನುವ ಪದ ಕಲಿಸಿದೆ. ಹರಕೆ. ಲ್ಯಾಟಿನ್‌ನಲ್ಲಿ ಹರಕೆಗೆ ‘ವೋಟುಮ್’ ಅನ್ನುತ್ತಿದ್ದರು. ನಾವು ಚುನಾವಣೆಯಲ್ಲಿ ಹಾಕುವ ವೋಟು ಅದೇ ಪದದಿಂದ ಬಂದದ್ದು. ಪಂಚಾಯಿತಿ ಸದಸ್ಯರೊಬ್ಬರು ಬ್ಯಾಚಿನಲ್ಲಿ ಇದ್ದರು. ಅವರು ಬಹಳ ಹೊತ್ತು ಆ ಮಣ್ಣಿನ ನಾಯಿಗಳನ್ನು ನೋಡುತ್ತ ನಿಂತಿದ್ದರು.

ಅದೇ ದಿನ ಟಾಬೂ ಕೂಡ ಕಲಿಸಿದೆ. ಅದು ಇಂಗ್ಲಿಷಿನದಲ್ಲ. ಕ್ಯಾಪ್ಟನ್ ಕುಕ್ 1777ರಲ್ಲಿ ಟೋಂಗಾ ದ್ವೀಪಗಳಿಂದ ತಂದ ಪದ. ಅಲ್ಲಿನವರ ‘ತಪು’ವಿಗೆ ಮೀಸಲು ಅನ್ನುವ ಅರ್ಥವೂ ಇದೆ, ಮುಟ್ಟಬಾರದ್ದು ಅನ್ನುವ ಅರ್ಥವೂ ಇದೆ. ದೇವರಕಾಡಿನ ಒಳಗೆ ನಿಂತವರಿಗೆ ಈ ಎರಡು ಅರ್ಥ ಹೇಗೆ ಒಂದೇ ಆಗುತ್ತದೆ ಅಂತ ಬಾಯಿಬಿಟ್ಟು ಹೇಳಬೇಕಾಗಿಲ್ಲ.

ಹ್ಯಾಲೋಡ್‌ಗೆ ಐನ್‌ಮನೆ, ಅಂದರೆ ಕೊಡವ ಕುಟುಂಬದ ಮೂಲಮನೆ. ಹಿರಿಯರು ಬದುಕಿ ಬಾಳಿ, ನಡುಮನೆ ನೆಲ್ಲಕ್ಕಿಯ ತೂಗುದೀಪ ಉರಿದು ಉರಿದು, ಕಾಲ ಕಳೆದಂತೆ ಗೌರವ ಕೂಡಿಕೊಂಡ ಜಾಗ. ಹೋಲಿಯ ಸ್ವಂತ ತಂಗಿ ಈ ಪದ. ಹಳೆಯ ಇಂಗ್ಲಿಷಿನಲ್ಲಿ ಸಂತರಿಗೆ ‘ಹ್ಯಾಲೋಸ್’ ಅನ್ನುತ್ತಿದ್ದರು. ನವೆಂಬರ್ 1 ಎಲ್ಲ ಸಂತರ ದಿನ, ಆಲ್ ಹ್ಯಾಲೋಸ್. ಅದರ ಹಿಂದಿನ ಸಂಜೆ, ಅಕ್ಟೋಬರ್ 31, ಹ್ಯಾಲೋವೀನ್. ಬೆಂಗಳೂರಿನಿಂದ ಬಂದು ಹೋಂಸ್ಟೇಯಲ್ಲಿ ಕುಂಬಳಕಾಯಿ ದೀಪ ಇಟ್ಟು ಪಾರ್ಟಿ ಮಾಡುವವರಿಗೂ ಇದು ಗೊತ್ತಿರುವುದು ಕಡಿಮೆ. ನವೆಂಬರ್ 2 ತೀರಿಕೊಂಡವರನ್ನು ನೆನೆಯುವ ದಿನ, ಆಲ್ ಸೋಲ್ಸ್. ‘ನಮ್ಮ ಕಾರಣಂಗ್ ಕೊಡ್ಪ ಇದ್ದ ಹಾಗೆ’ ಅಂದಳು ಒಬ್ಬ ಹುಡುಗಿ. ಹಿರಿಯರಿಗೆ ಎಡೆ ಇಡುವುದು. ನಾನು ಹೇಳಿಕೊಟ್ಟದ್ದಲ್ಲ ಅದು, ಅವಳೇ ಜೋಡಿಸಿದಳು.

ಕಾನ್ಸಿಕ್ರೇಟ್‌ಗೆ ‘ಮುಡಿಪು ಮಾಡು’. ಸ್ಯಾಕ್ರಿಫೈಸ್ ಅಂದರೆ ಮೂಲದಲ್ಲಿ ‘ಮೀಸಲಾಗಿಸುವುದು’. ಬಲಿ, ತ್ಯಾಗ ಎರಡೂ ಆಮೇಲೆ ಕವಲೊಡೆದದ್ದು. ಪ್ರೊಫೇನ್ ಅಂದರೆ ‘ಗುಡಿಯ ಮುಂದೆ’, ಅಂದರೆ ಬಾಗಿಲ ಹೊರಗೇ ಉಳಿದದ್ದು. ಫಾನುಮ್ ಅಂದರೆ ಗುಡಿ. ಫ್ಯಾನಾಟಿಕ್ ಕೂಡ ಆ ಗುಡಿಯಿಂದಲೇ ಬಂದವನು. ಶ್ರೈನ್ ಅಂದರೆ ಮೊದಲು ಪೆಟ್ಟಿಗೆ. ಪಿಲ್ಗ್ರಿಮ್ ಅಂದರೆ ಪರಸ್ಥಳದವನು. ಇವು ಸುಲಭದ ಕಾರ್ಡುಗಳು, ಒಂದು ಸಂಜೆಗೆ ಮುಗಿಯುತ್ತವೆ.

ಸ್ಯಾಕ್ರಿಲೆಜ್ ಮಾತ್ರ ನಿಲ್ಲಿಸಿ ಕಲಿಸಿ. ಬ್ಯಾಂಕ್ ಪರೀಕ್ಷೆಗೆ ಓದುವವರು ಸ್ಯಾಕ್ರಿಲಿಜಸ್ ಸ್ಪೆಲಿಂಗ್ ತಪ್ಪುವುದು ಗ್ಯಾರಂಟಿ. ಒಳಗೆ ‘ರಿಲಿಜಸ್’ ಇದೆ ಅಂದುಕೊಳ್ಳುತ್ತಾರೆ. ಇಲ್ಲ. ಅದರ ಒಳಗೆ ಇರುವುದು ಕಳ್ಳ. ದೇವರ ಸೊತ್ತು ಎತ್ತಿಕೊಂಡು ಹೋಗುವುದು ಅಂತ ಅದರ ಮೂಲ ಅರ್ಥ. ಹುಂಡಿ ಒಡೆಯುವುದೇ ಸ್ಯಾಕ್ರಿಲೆಜ್. ಆರ್ ಆದ ಮೇಲೆ ಐ, ಎಲ್ ಆದ ಮೇಲೆ ಇ. ‘ಹುಂಡಿ ಕಳ್ಳ’ ಅಂತ ಕಾರ್ಡಿನ ಮೇಲೆ ಬರೆದ ದಿನದಿಂದ ತಪ್ಪು ನಿಂತಿತು.

ಸ್ಯಾಂಕ್ಷನ್ ನಮ್ಮವರಿಗೆ ಚೆನ್ನಾಗಿ ಗೊತ್ತು, ಸಾಲ ಸ್ಯಾಂಕ್ಷನ್ ಆಯಿತಾ ಅಂತ ದಿನಾ ಕೇಳುತ್ತಾರೆ. ಪೇಪರಿನಲ್ಲಿ ಒಂದು ದೇಶದ ಮೇಲೆ ಸ್ಯಾಂಕ್ಷನ್ ಅಂತ ಓದಿದಾಗ ಗಲಿಬಿಲಿ. ಒಪ್ಪಿಗೆಯೂ ಅದೇ, ದಂಡನೆಯೂ ಅದೇ. ಸೇಂಟ್, ಸ್ಯಾಂಕ್ಟಮ್, ಸ್ಯಾಂಕ್ಚುರಿ ಎಲ್ಲ ಇದರ ಬಳಗ. ಮೀರಬಾರದ ಕಟ್ಟು ಹಾಕುವುದು ಅನ್ನುವುದು ಬೇರು. ಕಟ್ಟಿನ ಒಳಗೆ ಇದ್ದರೆ ಒಪ್ಪಿಗೆ, ಮೀರಿದರೆ ದಂಡ. ಗರ್ಭಗುಡಿ ಸ್ಯಾಂಕ್ಟಮ್. ಹಿಂದೆ ಇಂಗ್ಲೆಂಡಿನಲ್ಲಿ ತಪ್ಪು ಮಾಡಿದವನು ಓಡಿ ಚರ್ಚಿನ ಒಳಗೆ ಹೊಕ್ಕರೆ ಅವನನ್ನು ಹಿಡಿಯುವ ಹಾಗಿರಲಿಲ್ಲ. ಆ ಆಸರೆಗೆ ಸ್ಯಾಂಕ್ಚುರಿ ಅನ್ನುತ್ತಿದ್ದರು. ಈಗ ಬ್ರಹ್ಮಗಿರಿ, ಪುಷ್ಪಗಿರಿ, ತಲಕಾವೇರಿ ವನ್ಯಧಾಮಗಳು ಸ್ಯಾಂಕ್ಚುರಿ. ಬೇಟೆಯಿಂದ ತಪ್ಪಿಸಿಕೊಂಡ ಕಡವೆಗೆ ಆಸರೆ. ಇದನ್ನು ಜೀಪ್ ಡ್ರೈವರ್‌ಗಳಿಗೆ ಹೇಳಿದಾಗ ಅವರ ಮುಖ ನೋಡಬೇಕಿತ್ತು. ದಿನಾ ಆ ಬೋರ್ಡಿನ ಮುಂದೆ ಹಾದುಹೋಗುವವರು ಅವರು.

ಈಗ ಹಾಲಿಡೇ ವಿಷಯ. ಇದನ್ನು ಎಲ್ಲರೂ ಸುಮ್ನೆ ‘ರಜೆ’ ಅಂತ ಹೇಳಿ ದಾಟಿಬಿಡುತ್ತಾರೆ. ನಾನು ಎರಡು ಸಂಜೆ ಕೊಡುತ್ತೇನೆ.

‘ಟುಮಾರೋ ಲೀವ್, ಮೇಡಂ’ ಅಂತ ಎಲ್ಲ ಬ್ಯಾಚಿನಲ್ಲೂ ಒಬ್ಬರು ಹೇಳೇ ಹೇಳುತ್ತಾರೆ. ಹಬ್ಬಕ್ಕೂ ಲೀವ್, ಭಾನುವಾರಕ್ಕೂ ಲೀವ್. ಮೊದಲು ನಾನು ತಿದ್ದುತ್ತಿದ್ದೆ, ನಿಲ್ಲುತ್ತಿರಲಿಲ್ಲ. ಈಗ ಹೀಗೆ ಕೇಳುತ್ತೇನೆ: ಯಾರು ಕೊಟ್ಟರು? ರಜಾ ಅನ್ನುವ ಪದ ಅರಬ್ಬಿಯ ಕಡೆಯಿಂದ ನಮ್ಮಲ್ಲಿಗೆ ಬಂದದ್ದು. ಅಲ್ಲಿ ಅದಕ್ಕೆ ಒಪ್ಪಿಗೆ ಅಂತ ಅರ್ಥ. ಇಂಗ್ಲಿಷಿನ ಲೀವ್‌ಗೂ ಹಳೆಯ ಅರ್ಥ ಅನುಮತಿಯೇ. ಎರಡು ದೂರದ ಭಾಷೆಗಳು ಒಂದೇ ಯೋಚನೆ ಮಾಡಿವೆ. ಒಬ್ಬರು ಕೇಳಿ, ಇನ್ನೊಬ್ಬರು ಕೊಟ್ಟರೆ ಅದು ಲೀವ್. ಕೇಳದೆ ಎಲ್ಲರಿಗೂ ಸಿಗುವುದು ಹಾಲಿಡೇ. ಅದು ಹೋಲಿ ಡೇ, ದೇವರ ದಿನ, ಕೊಡುವವರು ಮ್ಯಾನೇಜರ್ ಅಲ್ಲ. ವೆಕೇಶನ್ ಅಂದರೆ ಖಾಲಿ ಬಿಡುವುದು, ವೇಕೆನ್ಸಿಯ ಅಣ್ಣ.

ಆಮೇಲೆ ಸರಕಾರದ ರಜೆ ಪಟ್ಟಿ ಹಂಚುತ್ತೇನೆ. ಅದರ ಕೆಳಗೆ ಕೊಡಗು ಜಿಲ್ಲೆಗೆ ಮಾತ್ರ ಅಂತ ಮೂರು ಸ್ಥಳೀಯ ರಜೆ ಇರುತ್ತವೆ: ಆಯುಧ ಪೂಜೆಯ ಕೈಲ್ ಮುಹೂರ್ತ, ತುಲಾ ಸಂಕ್ರಮಣ, ಸುಗ್ಗಿಯ ಹುತ್ತರಿ. ಕೈಲ್ ಮುಹೂರ್ತಕ್ಕೆ ಸೆಪ್ಟೆಂಬರ್ 3, ತುಲಾ ಸಂಕ್ರಮಣಕ್ಕೆ ಅಕ್ಟೋಬರ್ ಮಧ್ಯ. ಕೋವಿ, ಒಡಿಕತ್ತಿಗೆ ಪೂಜೆ ಮಾಡುವುದು ಹೇಗೆ ಹೋಲಿ ಡೇ, ಹೇಗೆ ಹಾಲಿಡೇ ಅಂತ ಅವರೇ ಇಂಗ್ಲಿಷಿನಲ್ಲಿ ಹೇಳಬೇಕು. ಕ್ಯಾಲೆಂಡರಿನಲ್ಲಿ ಅದು ಕೆಂಪು ಅಕ್ಷರದಲ್ಲಿದೆ ಅಲ್ವಾ? ಯುರೋಪಿನ ಚರ್ಚುಗಳಲ್ಲೂ ಸಂತರ ದಿನಗಳನ್ನು ಕೆಂಪು ಶಾಯಿಯಲ್ಲಿ ಬರೆಯುತ್ತಿದ್ದರು. ರೆಡ್ ಲೆಟರ್ ಡೇ ಅನ್ನುವ ಮಾತು ಅಲ್ಲಿಂದ ಬಂತು.

ಇಲ್ಲಿಂದ ನನ್ನ ದುಡ್ಡಿನ ಸಮಸ್ಯೆಯೂ ಬಗೆಹರಿಯಿತು. ಹಳೆಯ ಕ್ಯಾಲೆಂಡರ್ ಹಾಳೆ ದಪ್ಪ ಇರುತ್ತದೆ. ಕತ್ತರಿಸಿ ಹಿಂಬದಿಯಲ್ಲಿ ಬರೆದರೆ ಕಾರ್ಡು ತಯಾರು. ಖರ್ಚು ಸೊನ್ನೆ. ಬೂಷ್ಟು ಬಂದರೆ ಬಿಸಾಡಿ ಹೊಸದು ಬರೆಯಿರಿ. ಯಾವ ಪದವನ್ನು ಕೆಂಪು ದಿನದ ಹಿಂದೆ, ಯಾವುದನ್ನು ಕಪ್ಪು ದಿನದ ಹಿಂದೆ ಬರೆಯುತ್ತೇನೆ ಅನ್ನುವುದರಲ್ಲಿ ಒಂದು ಉಪಾಯ ಇದೆ. ಅದನ್ನು ಇಲ್ಲಿ ಹೇಳುವುದಿಲ್ಲ. ನನ್ನ ಹೊಟ್ಟೆಪಾಡು ಅದರ ಮೇಲೆ ನಿಂತಿದೆ.

ಫೀಸ್ಟ್ ಅಂದರೆ ದೊಡ್ಡ ಊಟ ಅಂತಲೇ ಎಲ್ಲರ ತಲೆಯಲ್ಲಿ. ವಿರಾಜಪೇಟೆಯ ಕೊಂಕಣಿ ಮನೆಯ ಹುಡುಗ ಒಬ್ಬ ‘ನಮ್ಮಲ್ಲಿ ಫೆಸ್ತ್ ಅನ್ನುತ್ತೇವೆ’ ಅಂದ. ಅಲ್ಲಿನ ಸಂತ ಅನ್ನಮ್ಮ ಚರ್ಚು 1792ರದ್ದು. ಸಂತ ಅನ್ನಮ್ಮನವರ ಹಬ್ಬ ಜುಲೈ 26. ಆ ಫೆಸ್ತ್ ಪೋರ್ಚುಗೀಸರ ಮೂಲಕ ಬಂದ ಲ್ಯಾಟಿನ್ ಪದ. ಫೀಸ್ಟ್, ಫೆಸ್ಟಿವಲ್ ಎರಡೂ ಅದರ ಮಕ್ಕಳು. ಊಟ ಆಮೇಲೆ ಬಂತು, ಮೊದಲು ಹಬ್ಬ. ಹಾಗೆಯೇ ಫೇರ್. ಜಾತ್ರೆ. ಅದು ಲ್ಯಾಟಿನ್‌ನ ‘ಫೇರಿಯಾ’, ಹಬ್ಬದ ದಿನ. ನಮ್ಮ ಜಾತ್ರೆ ಯಾತ್ರೆಯಿಂದ ಬಂತು, ನಮ್ಮ ಹಬ್ಬ ಪರ್ವದಿಂದ ಬಂತು: ಪರ್ವ, ಪಬ್ಬ, ಹಬ್ಬ. ಜನ ದೇವರಿಗಾಗಿ ಸೇರಿದ ಕಡೆ ಬಳೆ ಅಂಗಡಿಯೂ ಬಂತು. ಎಲ್ಲ ಊರಲ್ಲೂ ಇದೇ ಕಥೆ.

ಫಾಸ್ಟ್ ಅಂದರೆ ಬಿಗಿಯಾಗಿ ಹಿಡಿಯುವುದು. ಉಪವಾಸದ ಬಿಗಿ. ಬೆಳಿಗ್ಗೆ ಆ ಬಿಗಿ ಮುರಿದರೆ ಬ್ರೇಕ್‌ಫಾಸ್ಟ್. ನಾಪೋಕ್ಲು ಕಡೆಯ ಒಬ್ಬ ಡ್ರೈವರ್ ರಂಜಾನ್ ತಿಂಗಳಲ್ಲಿ ‘ನೋಂಬು’ ಅಂದ. ಹಳೆಗನ್ನಡದಲ್ಲಿ ವ್ರತಕ್ಕೆ ‘ನೋಂಪಿ’ ಅನ್ನುತ್ತಿದ್ದರು, ಅದೂ ಇದೂ ಒಂದೇ ಅಂದೆ. ಅವನಿಗೆ ಆದ ಖುಷಿ ಅಷ್ಟಿಷ್ಟಲ್ಲ. ಬೇರೆ ಬೇರೆ ಧರ್ಮದವರು ಇರುವ ಕ್ಲಾಸಿನಲ್ಲಿ ದೇವರ ವಿಷಯ ಎತ್ತಬೇಡಿ ಅಂತ ನನಗೆ ಎಷ್ಟೋ ಜನ ಹೇಳಿದ್ದರು. ನನ್ನ ಅನುಭವ ಬೇರೆ. ಪದದ ಬೆನ್ನು ಹತ್ತಿದರೆ ಜಗಳ ಬರುವುದಿಲ್ಲ. ಎಲ್ಲರ ಮನೆಯಿಂದಲೂ ಒಂದೊಂದು ಪದ ಬರುತ್ತದೆ.

ವಿಜಿಲ್ ಬಗ್ಗೆ ಒಂದೇ ಮಾತು. ಜಾಗರಣೆ. ವಿಜಿಲೆನ್ಸ್ ಅಂದರೆ ಜಾಗೃತ ದಳ. ಎರಡು ಭಾಷೆಯಲ್ಲೂ ಒಂದೇ ಜೋಡಿ, ನಿದ್ದೆ ಬಿಡುವುದು. ಪರೀಕ್ಷೆಯವರಿಗೆ ಇದೊಂದು ಸಾಕು.

ಗುಡ್ ಫ್ರೈಡೇ ನಮಗೆ ಒಂದು ಪಾಠ ಕಲಿಸಿತು. ಒಬ್ಬ ಹೋಂಸ್ಟೇ ಅಕ್ಕ ಕ್ರಿಶ್ಚಿಯನ್ ಗೆಸ್ಟ್‌ಗಳಿಗೆ ಬೆಳಿಗ್ಗೆ ಕಾಫಿ ಕೊಡುತ್ತ ‘ಹ್ಯಾಪಿ ಗುಡ್ ಫ್ರೈಡೇ’ ಅಂದುಬಿಟ್ಟರು. ಅವರು ಏನೂ ಬೇಜಾರು ಮಾಡಿಕೊಳ್ಳಲಿಲ್ಲ, ಆದರೆ ಅಕ್ಕನಿಗೆ ತುಂಬ ಮುಜುಗರ ಆಯಿತು. ಏಸುವನ್ನು ಶಿಲುಬೆಗೇರಿಸಿದ ದಿನ ಅದು. ಅಲ್ಲಿ ಗುಡ್ ಅಂದರೆ ಒಳ್ಳೆಯದು ಅಲ್ಲ, ದೇವರ ದಿನ ಅನ್ನುವ ಹಳೆಯ ಅರ್ಥ. ಹ್ಯಾಪಿ ಹೇಳುವುದು ಭಾನುವಾರ, ಈಸ್ಟರ್‌ಗೆ. ಈಸ್ಟರ್ ಯಾಕೆ ಪ್ರತಿ ವರ್ಷ ಜಾರುತ್ತದೆ ಅಂತ ಯಾರೋ ಕೇಳಿದರು. ಹುತ್ತರಿ ಯಾಕೆ ಜಾರುತ್ತದೆ ಅಂತ ನಾನು ತಿರುಗಿ ಕೇಳಿದೆ. ಪಾಡಿ ಇಗ್ಗುತ್ತಪ್ಪ ದೇವರ ಸನ್ನಿಧಿಯಲ್ಲಿ ನಕ್ಷತ್ರ, ಹುಣ್ಣಿಮೆ ನೋಡಿ ಕದಿರು ತೆಗೆಯುವ ಹೊತ್ತು ಇಡುತ್ತಾರಲ್ಲ? ಈಸ್ಟರ್ ಕೂಡ ವಸಂತದ ಹುಣ್ಣಿಮೆ ಆದ ಮೇಲಿನ ಭಾನುವಾರ. ಮಾರ್ಚ್ 22ರಿಂದ ಏಪ್ರಿಲ್ 25ರ ಒಳಗೆ ಬರುತ್ತದೆ. ಅದಕ್ಕೆ ಮುಂಚಿನ 40 ದಿನದ ಲೆಂಟ್ ಅನ್ನುವ ಪದಕ್ಕೆ ಮೂಲದಲ್ಲಿ ವಸಂತ ಅಂತಲೇ ಅರ್ಥ, ಹಗಲು ಉದ್ದವಾಗುವ ಕಾಲ. ಆ ಅಕ್ಕ ಮುಂದಿನ ವರ್ಷ ಗುಡ್ ಫ್ರೈಡೇ ದಿನ ಗೆಸ್ಟ್‌ಗಳಿಗೆ ಮಾಂಸ ಇಲ್ಲದ ಊಟ ಬೇಕಾ ಅಂತ ಮೊದಲೇ ಕೇಳಿದ್ದರಂತೆ.

ಅಡ್ಡದಾರಿಯ ಒಂದೆರಡು ಪ್ರಯೋಗವೂ ಮಾಡಿದೆ. ಒಂದು ಕುಂಡೆ ಹಬ್ಬದ್ದು. ಮೇ ತಿಂಗಳಲ್ಲಿ ದೇವರಪುರದಲ್ಲಿ ನಡೆಯುತ್ತದೆ. ಕಾಡಿನಲ್ಲಿ ತಮ್ಮನ್ನು ಬಿಟ್ಟುಹೋದ ದೇವರನ್ನು ಆದಿವಾಸಿಗಳು ಅವತ್ತು ಬಾಯಿತುಂಬ ಬೈಯುತ್ತಾರೆ, ವೇಷ ಕಟ್ಟಿ ಕುಣಿಯುತ್ತಾರೆ. ಇದು ಬ್ಲಾಸ್ಫೆಮಿಯಾ, ಅಂದರೆ ದೇವರ ನಿಂದೆಯಾ, ಭಕ್ತಿಯಾ ಅಂತ ಚರ್ಚೆಗೆ ಬಿಟ್ಟೆ. ಒಂದು ಗಂಟೆ ಇಂಗ್ಲಿಷಿನಲ್ಲೇ ಮಾತಾಡಿದರು. ಬೈಯುವುದಕ್ಕೆ ದೇವರು ಹತ್ತಿರದವನಾಗಿರಬೇಕು ಅಂತ ಜೇನುಕುರುಬರ ಹಾಡಿಯಿಂದ ಬರುವ ಹುಡುಗ ಹೇಳಿದ. ವ್ಯಾಕರಣ ಅಲ್ಲಲ್ಲಿ ತಪ್ಪಿತು. ನಾನು ತಿದ್ದಲಿಲ್ಲ.

ಇನ್ನೊಂದು ವಾಯ್ಸ್ ನೋಟ್ ಪ್ರಯೋಗ. ಇದ್ದ ಜಾಗದಿಂದಲೇ, ಆ ಜಾಗಕ್ಕೆ ಕಟ್ಟಿದ ಪದ ಬಳಸಿ 30 ಸೆಕೆಂಡು ಮಾತಾಡಿ ಕಳಿಸಬೇಕು. ಮೊದಲು ಯಾರೂ ಕಳಿಸಲಿಲ್ಲ. ವಾರಕ್ಕೆ ಒಳ್ಳೆಯ ನೋಟ್‌ಗೆ 100 ರೂಪಾಯಿ ಇನಾಮು ಇಟ್ಟೆ, ಆಗಲೂ ಇಲ್ಲ. ಆಮೇಲೆ ದುಡ್ಡಿಲ್ಲದ ಒಂದು ಬದಲಾವಣೆ ಮಾಡಿದೆ, ರಾತ್ರಿ ಹತ್ತರವರೆಗೆ ಫೋನು ಟಿಂಗ್ ಟಿಂಗ್ ಅನ್ನತೊಡಗಿತು. ಇದು ಹೇಳದೆ ಇಟ್ಟುಕೊಂಡ ಎರಡನೇ ಉಪಾಯ.

‘ಇಂಗ್ಲಿಷ್ ಕಲಿಸಮ್ಮಾ, ಹರಿಕಥೆ ಬೇಡ’ ಅಂತ ಒಬ್ಬ ಹಿರಿಯ ಮೇಷ್ಟ್ರು ನನಗೆ ಎಲ್ಲರ ಎದುರು ಹೇಳಿದ್ದರು. ನೋವಾಗಿತ್ತು. ಈಗ ಲೆಕ್ಕ ಕೇಳಿ. ಹಳೆಯ ಪಟ್ಟಿಯಲ್ಲಿ ಕಲಿತವರು ಮೂರು ತಿಂಗಳ ಮೇಲೆ 40 ಪದದಲ್ಲಿ ಆರೋ ಏಳೋ ಪದಕ್ಕೆ ಸರಿಯಾದ ವಾಕ್ಯ ಮಾಡುತ್ತಿದ್ದರು. ಈಗ 30ರ ಆಸುಪಾಸು. ಕಳೆದ ಮಳೆಗಾಲದ ಬ್ಯಾಚಿಗೆ 22 ಜನ, ಬಿಟ್ಟವರು ಒಬ್ಬರೇ, ಅವರೂ ಮದುವೆಯಾಗಿ ಮೈಸೂರಿಗೆ ಹೋದ ಕಾರಣಕ್ಕೆ. ಫೀಸು 1,800 ಮಾಡಿದರೂ ಯಾರೂ ತಕರಾರು ಮಾಡಲಿಲ್ಲ. ಕಾರ್ಡು, ಫ್ಲೆಕ್ಸು, ಆ್ಯಪಿಗೆ ಕಳೆದ ದುಡ್ಡು ಒಂದೇ ಬ್ಯಾಚಿನಲ್ಲಿ ವಾಪಸ್ ಬಂತು. ಆ ಮೇಷ್ಟ್ರು ಈಗ ನನ್ನ ಕ್ಯಾಲೆಂಡರ್ ಕಾರ್ಡಿನ ಒಂದು ಕಟ್ಟು ತೆಗೆದುಕೊಂಡು ಹೋಗಿದ್ದಾರೆ. ಕೇಳಿದಾಗ ಸಂತೋಷದಿಂದ ಕೊಟ್ಟೆ.

‘ಪವರ್‌ಫುಲ್ ವಾಟರ್’ ಹುಡುಗ ಹೋದ ಸಂಕ್ರಮಣದಂದು ತಲಕಾವೇರಿಯಿಂದ ಒಂದು ನೋಟ್ ಕಳಿಸಿದ. ಸುತ್ತ ಜನರ ಗದ್ದಲ, ಚಳಿಗೆ ಅವನ ದನಿ ನಡುಗುತ್ತಿತ್ತು. ನದಿಗೆ ಸೇಕ್ರೆಡ್ ಅಂದ, ನೀರಿಗೆ ಹೋಲಿ ಅಂದ, ಅಜ್ಜಿಗೆ ಒಂದು ಬಾಟಲಿ ಒಯ್ಯುತ್ತೇನೆ ಅಂದ. ಆ ನೋಟ್ ಅಳಿಸಿಲ್ಲ.

ಒಂದು ಕಾರ್ಡು ಮಾತ್ರ ಇನ್ನೂ ಬಾಕಿ ಇದೆ. ಅದರಲ್ಲಿ ಉಲ್ಟಾ ಮಾಡಿದ್ದೇನೆ, ಕನ್ನಡ ಪದ ಮೊದಲು ಬರೆದೆ: ಮಡಿ. ಪ್ಯೂರ್ ಅಂದರೆ ಸಾಲದು. ಕ್ಲೀನ್ ಅಂದರೆ ಒಗೆದ ಬಟ್ಟೆ ಮಾತ್ರ ಆಯಿತು. ಹೋಲಿ ಅಲ್ಲವೇ ಅಲ್ಲ, ಮಡಿ ಸಂಜೆಗೆ ಮುಗಿದುಹೋಗುತ್ತದೆ. ಸೇಕ್ರೆಡ್ ಸ್ವಲ್ಪ ಹತ್ತಿರ ಬರುತ್ತದೆ, ಆದರೆ ಮಡಿ ಇರುವುದು ಮೈಮೇಲೆ, ಜಾಗದಲ್ಲಲ್ಲ. ಮೂರು ಬ್ಯಾಚಿನವರು ತಲೆ ಕೆಡಿಸಿಕೊಂಡಿದ್ದಾರೆ. ಆ ಹಾಳೆಯ ಮೇಲೆ ಅದೊಂದೇ ಪದ ಇದೆ, ಕೆಳಗೆ ಜಾಗ ಬಿಟ್ಟಿದ್ದೇನೆ.